ಸಹರಾವಿ ಜನರನ್ನೇ ಕೇಳಿ!
ಪಶ್ಚಿಮ ಸಹಾರಾದ ಪರವಾಗಿ ಕನ್ನಡಿಗರಲ್ಲಿ ಒಂದು ಮನವಿ



ಆಫ್ರಿಕಾದ ವಾಯವ್ಯ ಅಂಚಿನಲ್ಲಿ, ಅಟ್ಲಾಂಟಿಕ್ ಕಡಲಿಗೆ ತಾಗಿಕೊಂಡು, ಕರ್ನಾಟಕಕ್ಕಿಂತ ದೊಡ್ಡದಾದ ಒಂದು ಮರಳುನಾಡಿದೆ. ಅದರ ಹೆಸರು ಪಶ್ಚಿಮ ಸಹಾರಾ. 1884ರಲ್ಲಿ ಅಲ್ಲಿ ಕಾಲೂರಿದ ಸ್ಪೇನ್ 1976ರ ಫೆಬ್ರವರಿಯಲ್ಲಿ ಹೊರಟುಹೋಯಿತು. ಸ್ವಾತಂತ್ರ್ಯ ಮಾತ್ರ ಬರಲಿಲ್ಲ. ವಸಾಹತು ಆಳ್ವಿಕೆಯಿಂದ ಇನ್ನೂ ಬಿಡುಗಡೆಯಾಗದ ಪ್ರದೇಶಗಳ ವಿಶ್ವಸಂಸ್ಥೆಯ ಪಟ್ಟಿಗೆ 1963ರಲ್ಲಿ ಸೇರಿದ ಈ ನಾಡು ಇವತ್ತಿಗೂ ಅದೇ ಪಟ್ಟಿಯಲ್ಲಿದೆ.

ಸ್ವತಂತ್ರರಾಗಿ ಇರುತ್ತೀರೋ, ಮೊರೊಕ್ಕೊ ಜೊತೆ ಸೇರುತ್ತೀರೋ ಎಂದು ಅಲ್ಲಿನ ಸಹರಾವಿ ಜನರನ್ನೇ ಕೇಳಬೇಕು. ಹಾಗೆ ಕೇಳಿರೆಂದು ಭಾರತ ಬಾಯಿಬಿಟ್ಟು ಹೇಳಬೇಕು. ನಮ್ಮ ಬೇಡಿಕೆ ಇಷ್ಟೇ.

1975ರಲ್ಲಿ ನಡೆದದ್ದನ್ನು ನೋಡಿ. ಈ ನೆಲ ಹಿಂದಿನಿಂದಲೂ ತನ್ನದು ಎಂಬುದು ಮೊರೊಕ್ಕೊದ ವಾದ. ಅಂತಾರಾಷ್ಟ್ರೀಯ ನ್ಯಾಯಾಲಯ ಅದನ್ನು ಕೂಲಂಕಷವಾಗಿ ಪರಿಶೀಲಿಸಿತು. ಕೆಲವು ಬುಡಕಟ್ಟುಗಳು ಸುಲ್ತಾನನಿಗೆ ನಿಷ್ಠೆ ತೋರುತ್ತಿದ್ದದ್ದು ನಿಜ, ಆದರೆ ಅದು ಆ ನೆಲದ ಒಡೆತನವಲ್ಲ, ಜನರ ಇಚ್ಛೆಯೇ ಮುಖ್ಯ ಎಂದು ಅಕ್ಟೋಬರ್ 16ರಂದು ಅಭಿಪ್ರಾಯ ಕೊಟ್ಟಿತು. ಆ ಪೀಠದಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ನಾಗೇಂದ್ರ ಸಿಂಗ್ ಕೂತಿದ್ದರು. ಮೂರು ವಾರ ಕಳೆಯುವುದರೊಳಗೆ ಮೊರೊಕ್ಕೊದ ದೊರೆ ಎರಡನೇ ಹಸನ್ ಸುಮಾರು ಮೂರೂವರೆ ಲಕ್ಷ ಜನರನ್ನು ಗಡಿ ದಾಟಿಸಿದ. ಅತ್ತ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಸಾಯುವ ಸ್ಥಿತಿಯಲ್ಲಿದ್ದ. ನವೆಂಬರ್ 14ರಂದು ಸ್ಪೇನ್ ಈ ನಾಡಿನ ಆಡಳಿತವನ್ನು ಮೊರೊಕ್ಕೊ ಮತ್ತು ಮಾರಿಟೇನಿಯಾ ಕೈಗೆ ಒಪ್ಪಿಸಲು ಸಹಿ ಹಾಕಿತು. ಆ ಮಾತುಕತೆಗೆ ಒಬ್ಬನೇ ಒಬ್ಬ ಸಹರಾವಿ ಪ್ರತಿನಿಧಿಯನ್ನೂ ಕರೆಯಲಿಲ್ಲ.

ಅಲ್ಲಿಂದ ಮೊರೊಕ್ಕೊಗೂ ಸಹರಾವಿಗಳ ಪೊಲಿಸಾರಿಯೊ ಸಂಘಟನೆಗೂ ಹದಿನಾರು ವರ್ಷ ಯುದ್ಧ. ಮನೆಮಠ ಬಿಟ್ಟು ಓಡಿದವರು ಅಲ್ಜೀರಿಯಾದ ಟಿಂಡೂಫ್ ಬಳಿ ಡೇರೆ ಹಾಕಿದರು. ತಮ್ಮ ಶಿಬಿರಗಳಿಗೆ ಬಿಟ್ಟುಬಂದ ಊರುಗಳ ಹೆಸರನ್ನೇ ಇಟ್ಟುಕೊಂಡರು: ಸ್ಮಾರಾ, ದಾಖ್ಲಾ, ಲಾಯೂನ್. 2018ರಲ್ಲಿ ವಿಶ್ವಸಂಸ್ಥೆ ಮಾಡಿದ ಅಂದಾಜಿನಂತೆ ಅಲ್ಲಿ ಸುಮಾರು 1 ಲಕ್ಷ 73 ಸಾವಿರ ಜನರಿದ್ದಾರೆ. ಅವರ ಮತ್ತು ಅವರ ಊರುಗಳ ನಡುವೆ ಮೊರೊಕ್ಕೊ ಸೈನ್ಯ ಕಟ್ಟಿದ ಸುಮಾರು 2,700 ಕಿಲೋಮೀಟರ್ ಉದ್ದದ ಮರಳುಗೋಡೆ, ಅದರುದ್ದಕ್ಕೂ ಹೂತಿಟ್ಟ ನೆಲಬಾಂಬುಗಳು.

1991ರಲ್ಲಿ ಬಂದೂಕು ಕೆಳಗಿಟ್ಟದ್ದು ಒಂದು ಮಾತಿನ ಮೇಲೆ: ಜನಮತಗಣನೆ ನಡೆಸುತ್ತೇವೆಂದು ವಿಶ್ವಸಂಸ್ಥೆ ಮಾತು ಕೊಟ್ಟಿತ್ತು. ಮತದಾರರ ಪಟ್ಟಿ ಮಾಡುವುದರಲ್ಲೇ ಒಂಬತ್ತು ವರ್ಷ ಕಳೆಯಿತು. 2000ದ ಆರಂಭದಲ್ಲಿ ಸುಮಾರು 86 ಸಾವಿರ ಹೆಸರುಗಳ ಪಟ್ಟಿ ತಯಾರಾದಾಗ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಮೇಲ್ಮನವಿಗಳು ಬಂದು ಬಿದ್ದವು. ಕೆಲಸ ಅಲ್ಲಿಗೇ ನಿಂತಿತು. 2003ರಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿ ಜೇಮ್ಸ್ ಬೇಕರ್ ಇನ್ನೊಂದು ಯೋಜನೆ ತಂದರು. ಹೊರಗಿನಿಂದ ಬಂದು ನೆಲೆಸಿದವರಿಗೂ ಅದರಲ್ಲಿ ಮತದ ಹಕ್ಕಿತ್ತು. ಪೊಲಿಸಾರಿಯೊ ಅದನ್ನೂ ಒಪ್ಪಿತು. ಒಪ್ಪದೆ ಹೋದದ್ದು ಮೊರೊಕ್ಕೊ. ತನ್ನ ವಾದದಲ್ಲಿ ಅಷ್ಟು ಭರವಸೆಯಿದ್ದರೆ ಮತಪೆಟ್ಟಿಗೆಗೆ ಅಂಜುವುದೇಕೆ?

ಮೊರೊಕ್ಕೊ ಸ್ವಾಯತ್ತತೆ ಕೊಡುತ್ತೇನೆ ಎನ್ನುತ್ತಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. 2007ರ ಆ ಯೋಜನೆಗೆ ಸ್ಪೇನ್, ಫ್ರಾನ್ಸ್, ಬ್ರಿಟನ್ ಒಂದೊಂದಾಗಿ ತಲೆಯಾಡಿಸಿವೆ. ಅಮೆರಿಕ 2020ರಲ್ಲೇ ಇಡೀ ನಾಡು ಮೊರೊಕ್ಕೊದ್ದೆಂದು ಘೋಷಿಸಿತು. ಸ್ವಾಯತ್ತತೆ ಜನರಿಗೆ ಬೇಕಿದ್ದರೆ ಆಗಲಿ, ಅದನ್ನೂ ಒಂದು ಆಯ್ಕೆಯಾಗಿ ಅವರ ಮುಂದಿಡಿ. ಆರಿಸುವವರು ಅವರಾಗಿರಬೇಕು. 2009ರಲ್ಲಿ ಅಮಿನಾತು ಹೈದರ್ ಎಂಬ ಹೆಣ್ಣುಮಗಳು ತವರಿಗೆ ಮರಳುವಾಗ ವಿಮಾನ ನಿಲ್ದಾಣದ ಅರ್ಜಿಯಲ್ಲಿ ತನ್ನ ನಾಡು ಪಶ್ಚಿಮ ಸಹಾರಾ ಎಂದು ಬರೆದಳು. ಅಷ್ಟಕ್ಕೇ ಮೊರೊಕ್ಕೊದ ಅಧಿಕಾರಿಗಳು ಪಾಸ್‌ಪೋರ್ಟ್ ಕಿತ್ತುಕೊಂಡು ಸ್ಪೇನಿನ ದ್ವೀಪವೊಂದಕ್ಕೆ ಅಟ್ಟಿದರು. 32 ದಿನ ಉಪವಾಸ ಮಾಡಿದ ಮೇಲೆ ಮನೆಗೆ ಬಿಟ್ಟರು. ತನ್ನ ನಾಡಿನ ಹೆಸರು ಬರೆಯಲೂ ಬಿಡದವರು ಕೊಡುವ ಸ್ವಾಯತ್ತತೆಯನ್ನು ಕಣ್ಣುಮುಚ್ಚಿ ನಂಬಿ ಎಂದು ಯಾವ ಬಾಯಲ್ಲಿ ಹೇಳುವುದು?

ದೂರದ ಜಗಳ ನಮಗೇಕೆ ಎನ್ನಬೇಡಿ. ಮುಂಗಾರಿನಲ್ಲಿ ನಮ್ಮ ರೈತರು ಸಾಲುಗಟ್ಟಿ ನಿಂತು ಕೊಳ್ಳುವ ಡಿಎಪಿ ಗೊಬ್ಬರಕ್ಕೆ ಫಾಸ್ಫೇಟ್ ಬೇಕು. ಭಾರತಕ್ಕೆ ಅದನ್ನು ಮಾರುವವರಲ್ಲಿ ಮೊರೊಕ್ಕೊ ಪ್ರಮುಖ ದೇಶ. ಪಶ್ಚಿಮ ಸಹಾರಾದ ಬೂ ಕ್ರಾ ಗಣಿಯ ಫಾಸ್ಫೇಟ್ ಸುಮಾರು 100 ಕಿಲೋಮೀಟರ್ ಉದ್ದದ ಕನ್ವೇಯರ್ ಬೆಲ್ಟ್ ಮೇಲೆ ಕಡಲಿಗೆ ಹೋಗಿ ಹಡಗು ಹತ್ತುತ್ತದೆ. ಅದಕ್ಕೆ ನೆಲದ ಮಕ್ಕಳ ಒಪ್ಪಿಗೆ ಕೇಳಿದವರಿಲ್ಲ. ಅಂಥ ಒಪ್ಪಿಗೆಯಿಲ್ಲದೆ ಯುರೋಪಿನ ಒಕ್ಕೂಟ ಮೊರೊಕ್ಕೊ ಜೊತೆ ಮಾಡಿಕೊಂಡ ಮೀನುಗಾರಿಕೆ ಮತ್ತು ಕೃಷಿ ಒಪ್ಪಂದಗಳು ಸಲ್ಲವೆಂದು ಯುರೋಪಿನ ನ್ಯಾಯಾಲಯ 2024ರಲ್ಲಿ ತೀರ್ಪು ಕೊಟ್ಟಿದೆ. ನಾವೂ ಆ ನಿಯಮ ಪಾಲಿಸಬಹುದು.

ಪೊಲಿಸಾರಿಯೊ ಘೋಷಿಸಿದ ಸಹರಾವಿ ಗಣರಾಜ್ಯಕ್ಕೆ ಭಾರತ 1985ರಲ್ಲಿ ಮಾನ್ಯತೆ ಕೊಟ್ಟಿತ್ತು. ಮತದಾರರ ಪಟ್ಟಿ ನೆನೆಗುದಿಗೆ ಬಿದ್ದ ಅದೇ 2000ದಲ್ಲಿ, ಆ ಜನಕ್ಕೆ ಆಸರೆ ಅತ್ಯಂತ ಬೇಕಿದ್ದಾಗ, ಅದನ್ನು ಹಿಂತೆಗೆದುಕೊಂಡಿತು. ಇದು ನಮ್ಮ ದೇಶದ ಘನತೆಗೆ ತಕ್ಕದ್ದಲ್ಲ. ಜನರನ್ನೇ ಕೇಳುವುದು ನಮಗೆ ಹೊಸದೇನಲ್ಲ: 1949ರಲ್ಲಿ ಫ್ರೆಂಚರ ಚಂದ್ರನಗರ ಭಾರತಕ್ಕೆ ಸೇರಬೇಕೇ ಎಂದು ತೀರ್ಮಾನಿಸಿದ್ದು ಅಲ್ಲಿನ ಜನರ ಮತ.

ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಕಾಗದ ಬರೆಯಿರಿ. ಸಹರಾವಿ ಗಣರಾಜ್ಯದ ಮಾನ್ಯತೆಯನ್ನು ಮರಳಿ ಕೊಡಬೇಕು, ಜನಮತಗಣನೆಗೆ ವಿಶ್ವಸಂಸ್ಥೆಯಲ್ಲಿ ದನಿಯೆತ್ತಬೇಕು, ಬೂ ಕ್ರಾ ಗಣಿಯ ಸರಕು ನಮ್ಮ ಬಂದರುಗಳಿಗೆ ಬರಬಾರದು ಎಂದು ಕೇಳಿ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದವರಿಗೆ ಕೊಡಿ.