ಹೆಸರಿಗಿಂತ ಮೊದಲು ಎಲೆ

8ನೇ ತರಗತಿಯ ವಿಜ್ಞಾನದಲ್ಲಿ ‘ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು’ ಪಾಠದ ಸಸ್ಯರೋಗಗಳ ಕೋಷ್ಟಕ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳೆಲ್ಲರೂ ಒಂದೇ ದಾರಿ ಹಿಡಿಯುತ್ತಾರೆ. ನಿಂಬೆಯ ಕ್ಯಾಂಕರ್, ಗೋಧಿಯ ತುಕ್ಕು, ಬೆಂಡೆಯ ಹಳದಿ ನಾಳ ಮೊಸಾಯಿಕ್. ಎದುರಿಗೆ ಬ್ಯಾಕ್ಟೀರಿಯಾ, ಶಿಲೀಂಧ್ರ, ವೈರಸ್. ಚಾರ್ಟ್ ಅಚ್ಚುಕಟ್ಟಾಗಿರುತ್ತದೆ, ಮಕ್ಕಳು ಒಕ್ಕೊರಲಿನಿಂದ ಹೇಳುತ್ತಾರೆ, ವೀಕ್ಷಣಾ ನಮೂನೆಯಲ್ಲಿ ಅಂಕಗಳೂ ಬೀಳುತ್ತವೆ. ಇದನ್ನು ಒಳ್ಳೆಯ ಪಾಠವೆಂದು ಒಪ್ಪುವುದು ನನಗೆ ಕಷ್ಟ.

ಕೋಷ್ಟಕ ಹೆಸರಿನಿಂದ ಕಾರಣಕ್ಕೆ ಹೋಗುತ್ತದೆ. ಆದರೆ ಹಿತ್ತಲಿನ ಗಿಡಕ್ಕೆ ರೋಗದ ಹೆಸರು ಬರೆದಿರುವುದಿಲ್ಲ. ಅಲ್ಲಿರುವುದು ಒಂದು ಹಳದಿ ಎಲೆ, ಅಷ್ಟೆ.

ಬೆಂಡೆಯನ್ನೇ ತೆಗೆದುಕೊಳ್ಳೋಣ. ನಾಳಗಳು ಹಳದಿಯಾಗಿ ನಡುವಿನ ಭಾಗ ಹಸಿರಾಗಿಯೇ ಉಳಿದು, ಎಲೆಯ ಮೇಲೆ ಹಳದಿ ಬಲೆ ಹಾಸಿದಂತೆ ಕಂಡರೆ ಅದು ಮೊಸಾಯಿಕ್ ರೋಗದ ಲಕ್ಷಣ. ಇದಕ್ಕೆ ತಿರುಗಾಮುರುಗಾ, ಎಳೆಯ ಎಲೆಯಲ್ಲಿ ನಾಳ ಹಸಿರಾಗಿದ್ದು ನಡುವೆ ಹಳದಿಯಾದರೆ ಕಬ್ಬಿಣದ ಕೊರತೆ ಇರಬಹುದು. ಕೆಳಗಿನ ಹಳೆಯ ಎಲೆಗಳು ಒಂದೇ ಸಮನೆ ಹಳದಿಯಾಗುತ್ತ ಬಂದರೆ ಸಾರಜನಕ ಸಾಲದಿರುವ ಸಂಭವ. ಊರಿನ ಮಾತಿನಲ್ಲಿ ಮೂರೂ ‘ಹಳದಿ ರೋಗ’ವೇ. ಉಳಿದೆರಡಕ್ಕೆ ಪೋಷಕಾಂಶ ಕೊಟ್ಟರೆ ಗಿಡ ಚೇತರಿಸಿಕೊಳ್ಳುತ್ತದೆ. ಮೊಸಾಯಿಕ್‌ಗೆ ಮಾತ್ರ ಔಷಧಿಯೇ ಇಲ್ಲ. ರೋಗದ ಗಿಡವನ್ನು ಬೇಗ ಕಿತ್ತು, ವೈರಸ್ ಹರಡುವ ಬಿಳಿ ನೊಣವನ್ನು ಹತೋಟಿಯಲ್ಲಿಡಬೇಕು. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಈ ರೋಗ ತಡೆಯುವ ತಳಿಯಾಗಿ ಅರ್ಕಾ ಅನಾಮಿಕಾವನ್ನು ಕೊಟ್ಟಿತು. ಈಗ ಅದೂ ಹಲವೆಡೆ ರೋಗಕ್ಕೆ ಸಿಕ್ಕುತ್ತಿದೆ.

ಮೆಣಸಿನಕಾಯಿ ಗಿಡದ ಎಲೆ ಮುಟುರು ಇನ್ನೂ ತೊಡಕಿನದು. ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚಿಕೊಂಡರೆ ಥ್ರಿಪ್ಸ್ ನುಸಿ. ಕವುಚಿ ಹಾಕಿದ ದೋಣಿಯಂತೆ ಕೆಳಕ್ಕೆ ಬಾಗಿ, ತೊಟ್ಟು ಉದ್ದವಾದರೆ ಮೈಟ್ ನುಸಿ. ಎರಡೂ ಒಟ್ಟಿಗೆ ಇರುವುದುಂಟು, ವೈರಸ್ ಸೇರಿಕೊಂಡಿರುವುದೂ ಉಂಟು. ನಮ್ಮ ಭಾಷೆ ಎರಡನ್ನೂ ‘ನುಸಿ’ ಎಂದು ಕರೆದು ಬಿಟ್ಟಿದೆ, ಗೊಂದಲದ ಅರ್ಧ ಭಾಗ ಅಲ್ಲಿಯೇ ಇದೆ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್‌ಗೆ ಎಂಟು ಕಾಲು, ಅದು ಜೇಡದ ಬಳಗ. ಕೀಟಕ್ಕೆಂದು ಸಿಂಪಡಿಸಿದ ಕೆಲವು ಔಷಧಿಗಳು ಮೈಟನ್ನು ತಿನ್ನುವ ಪರಭಕ್ಷಕಗಳನ್ನು ಕೊಂದು, ಮೈಟ್ ಹೆಚ್ಚಲು ದಾರಿ ಮಾಡುತ್ತವೆ. ಮೈಟ್‌ಗೆ ಕೆಲಸ ಮಾಡುವ, ನೀರಿನಲ್ಲಿ ಬೆರೆಯುವ ಗಂಧಕವನ್ನು ಥ್ರಿಪ್ಸ್‌ಗೆ ನಂಬಿ ಕೂರುವಂತಿಲ್ಲ. ಬಿಳಿ ಹಾಳೆಯ ಮೇಲೆ ಕುಡಿಯನ್ನು ತಟ್ಟಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿದರೆ ಮಕ್ಕಳೇ ಕಾಲು ಎಣಿಸಲು ಹೊರಡುತ್ತಾರೆ. ಸಂಧಿಪದಿಗಳ ವರ್ಗೀಕರಣಕ್ಕೆ ಇದಕ್ಕಿಂತ ಒಳ್ಳೆಯ ಬೋಧನೋಪಕರಣ ನಮ್ಮ ಪ್ರಯೋಗಾಲಯದಲ್ಲಿಲ್ಲ.

ನಾವೇನು ಕೃಷಿ ಪದವೀಧರರೇ, 40 ನಿಮಿಷದ ಅವಧಿಯಲ್ಲಿ ಇದೆಲ್ಲ ಆಗುತ್ತದೆಯೇ ಎಂದು ಪ್ರಶಿಕ್ಷಣಾರ್ಥಿಗಳು ಕೇಳುವುದು ನ್ಯಾಯವೇ. ಎಲ್ಲ ರೋಗಗಳನ್ನೂ ಗುರುತಿಸಿ ಎಂದು ನಾನು ಹೇಳುತ್ತಿಲ್ಲ. ಕೋಷ್ಟಕ ನಕಲು ಮಾಡಿಸುವ ಸಮಯದಲ್ಲಿ ಒಂದು ಪ್ರಯೋಗ ಆಗುತ್ತದೆ. ಸೊರಗಿದ ಟೊಮೆಟೊ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ತುದಿ ಮುಳುಗುವಂತೆ ಗಾಜಿನ ಲೋಟದ ನೀರಿನಲ್ಲಿ ಹಿಡಿಯಿರಿ. ದುಂಡಾಣು ಸೊರಗು ರೋಗವಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಹಾಲಿನಂತಹ ಎಳೆಗಳು ಇಳಿಯುತ್ತವೆ. ನೀರಿಲ್ಲದೆ ಬಾಡಿದ ಗಿಡದಿಂದ ಇಳಿಯುವುದಿಲ್ಲ.

ಇದು ಬರೀ ಬೋಧನಾ ವಿಧಾನದ ಚರ್ಚೆಯಲ್ಲ. ಎಷ್ಟೋ ಮನೆಗಳಲ್ಲಿ ಔಷಧಿ ಡಬ್ಬಿಯ ಮೇಲಿನ ಅಕ್ಷರ ಓದುವವರು ಇದೇ ಮಕ್ಕಳು. ಕಾಯಿಲೆ ಯಾವುದೆಂದು ಗೊತ್ತುಮಾಡುವ ಕೆಲಸ ಅಂಗಡಿಯವರ ಪಾಲಾಗಿದೆ. ಗಿಡ ನೋಡದೆಯೇ ಡಬ್ಬಿ ಕೈಗೆ ಬರುತ್ತದೆ. ಮಕ್ಕಳ ಕೈಗೆ ಸಿಂಪಡಣೆ ಕೊಡಲೇಬಾರದು. ಆದರೆ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ವಿಷದ ತೀವ್ರತೆಯನ್ನು ಇಳಿಕೆಯ ಕ್ರಮದಲ್ಲಿ ಹೇಳುತ್ತವೆಂದೂ, ಸಿಂಪಡಿಸಿದ ಎಷ್ಟು ದಿನಗಳ ಮೇಲೆ ಕಾಯಿ ಕೊಯ್ಯಬೇಕೆಂಬುದು ಅಲ್ಲಿರುತ್ತದೆಂದೂ ಅವರಿಗೆ ತಿಳಿದಿರಬೇಕು.

ಹಾಗಾಗಿ ನಮ್ಮ ವೀಕ್ಷಣಾ ನಮೂನೆಯಲ್ಲಿ ಒಂದು ಸಾಲು ಸೇರಲಿ: ಉತ್ತರ ಹೇಳುವ ಮೊದಲು ವಿದ್ಯಾರ್ಥಿಗಳಿಗೆ ನೋಡಲು ಸಮಯ ಸಿಕ್ಕಿತೇ? ಚಾರ್ಟ್‌ಗೆ ಇಟ್ಟಿರುವ ಅಂಕಗಳಲ್ಲಿ ಅರ್ಧ ಇದಕ್ಕೆ ಹೋಗಲಿ. ‘ಇನ್ನೂ ಗೊತ್ತಾಗಿಲ್ಲ, ನಾಳೆ ಎಲೆಯ ಹಿಂಭಾಗ ನೋಡೋಣ’ ಎಂದ ಪ್ರಶಿಕ್ಷಣಾರ್ಥಿಗೆ ಅಂಕ ಕಡಿಯುವುದು ಬೇಡ. ಶಾಲೆಯಲ್ಲಿ ಕೈತೋಟವಿಲ್ಲ ಎನ್ನುವವರು ಸಂತೆಗೆ ಹೋಗಿ ಹುಳುಕು ಬದನೆಕಾಯಿ ಕೇಳಲಿ, ಪುಕ್ಕಟೆಯಾಗಿಯೇ ಕೊಡುತ್ತಾರೆ.