ನೆಲದ ಬೆಂಕಿ, ಮಲೆಯ ನೀರು, ಮನೆಯ ಕಟ್ಟೆ



2024ರ ಬೇಸಗೆಯಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಗೆ ಹೋಗುವ ಸಂದರ್ಭ ನಮಗೊದಗಿತ್ತು. ಆತ್ಮೀಯರೊಬ್ಬರ ಮನೆಯಲ್ಲಿ ಲಿಂಗಪೂಜೆ, ಪ್ರಸಾದಗಳು ಮುಗಿದ ಮೇಲೆ ಮಾತು ಮಳೆಯ ಕಡೆಗೆ ಹೊರಳಿತು. ಹಿಂದಿನ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಆ ಮನೆಯವರ ಹೊಲದ ಮೂಲೆಯಲ್ಲಿ ಹಿರಿಯರ ಕಾಲದ ಕಟ್ಟೆಯೊಂದಿದೆ. ಹೂಳು ತುಂಬಿ, ಏರಿ ಕುಸಿದು, ಹೆಸರಿಗಷ್ಟೇ ಕಟ್ಟೆಯಾಗಿ ಉಳಿದಿದೆ. ಅದನ್ನು ಮುಚ್ಚಿ ಸಮಮಾಡಿ ಕಬ್ಬಿನ ಗದ್ದೆಗೆ ಸೇರಿಸಿಕೊಳ್ಳಬೇಕು, ನೀರಿಗಾಗಿ ಇನ್ನೊಂದು ಕೊಳವೆಬಾವಿ ಕೊರೆಸಬೇಕು ಎಂಬುದು ಮನೆಯ ಯಜಮಾನರ ಯೋಚನೆ. "ಮಾವನವರೇ, ಕಟ್ಟೆಯನ್ನೇ ಮುಚ್ಚಿದರೆ ಬಾವಿಗೆ ನೀರು ಎಲ್ಲಿಂದ ಬರಬೇಕು?" ಎಂದು ಅವರ ಸೊಸೆ ಬಾಗಿಲ ಬಳಿ ನಿಂತು ಮೆಲ್ಲನೆ ಕೇಳಿದರು.

ಯಜಮಾನರು ನಮ್ಮತ್ತ ತಿರುಗಿ ಹೇಳಿದರು: "ನೀವೇ ಹೇಳಿ ಸ್ವಾಮಿ. ಮಳೆಯೇ ಕೆಟ್ಟಿರುವಾಗ ಕಟ್ಟೆ ಏನು ಮಾಡೀತು? ಮನುಷ್ಯನಿಂದ ಹವೆ ಕೆಟ್ಟಿತು ಎನ್ನುತ್ತಾರೆ. ಬೆಂಕಿಬೆಟ್ಟಗಳು ಉಗುಳುವ ಹೊಗೆಯ ಮುಂದೆ ನಮ್ಮ ಹೊಗೆ ಯಾವ ಲೆಕ್ಕ? ಎಲ್ಲವೂ ಕಾಲಧರ್ಮ."

ಅಂದು ನಮ್ಮಲ್ಲಿ ತಕ್ಕ ಉತ್ತರವಿರಲಿಲ್ಲ. ತಲೆಯಾಡಿಸಿ, ಎಲೆಯಡಿಕೆ ಹಾಕಿಕೊಂಡು ಹಿಂದಿರುಗಿದೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅದು ಒಂದು ಮನೆಯ ಪ್ರಶ್ನೆಯಲ್ಲ, ನಮ್ಮ ಸಾವಿರಾರು ಒಕ್ಕಲು ಕುಟುಂಬಗಳ ಪ್ರಶ್ನೆ. ಆದುದರಿಂದ ವಿಜ್ಞಾನಿಗಳು ಕಂಡುಕೊಂಡಿರುವುದನ್ನು ನಮಗೆ ತಿಳಿದಮಟ್ಟಿಗೆ ಇಲ್ಲಿ ನಿವೇದಿಸುತ್ತಿದ್ದೇವೆ.

ಬೆಂಕಿಬೆಟ್ಟವೆಂದರೆ ನಾವು ಜಪಾನು, ಇಟಲಿಗಳನ್ನು ನೆನೆಯುತ್ತೇವೆ. ನಮ್ಮ ದೇಶದಲ್ಲಿ ಇಂದಿಗೂ ಜೀವಂತವಾಗಿರುವ ಜ್ವಾಲಾಮುಖಿ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪವೊಂದೇ. ಆದರೆ ಶೀಳನೆರೆಯ ನೆರೆಯ ನಾಗಮಂಗಲ ಸೀಮೆಯಲ್ಲಿಯೇ ಅತಿ ಪುರಾತನವಾದ ಬೆಂಕಿಯ ಗುರುತುಗಳಿವೆ. ಅಲ್ಲಿನ ಶಿಲಾಪಟ್ಟಿಯಲ್ಲಿ ದೊರೆಯುವ 'ಕೊಮಾಟಿಯೈಟ್' ಎಂಬ ಕಲ್ಲು ಒಂದು ಕಾಲದಲ್ಲಿ ಕುದಿಯುವ ಶಿಲಾರಸವಾಗಿ ಹರಿದದ್ದು. ದಕ್ಷಿಣ ಆಫ್ರಿಕದ ಕೊಮಾಟಿ ನದಿಯ ದಡದಲ್ಲಿ ಮೊದಲು ಗುರುತಿಸಲ್ಪಟ್ಟುದರಿಂದ ಅದಕ್ಕೆ ಆ ಹೆಸರು. ಪಶ್ಚಿಮ ಧಾರವಾಡ ಶಿಲಾಸಮೂಹದ ಇಂತಹ ಕಲ್ಲುಗಳ ವಯಸ್ಸು ಸುಮಾರು 335 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಆ ರಸದ ಶಾಖ 1,600 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದ್ದಿತು. ಇಂದಿನ ಯಾವ ಜ್ವಾಲಾಮುಖಿಯೂ ಅಷ್ಟು ಬಿಸಿಯಾದ ರಸವನ್ನು ಉಗುಳುವುದಿಲ್ಲ. ಇಂತಹ ಕಲ್ಲುಗಳು ಯುಗಯುಗಗಳ ಒತ್ತಡಕ್ಕೂ ನೀರಿನ ಸಂಪರ್ಕಕ್ಕೂ ಸಿಲುಕಿ ಬಳಪದ ಕಲ್ಲಿನಂತಹ ಮೆದುಶಿಲೆಗಳಾಗಿ ಮಾರ್ಪಡುವುದುಂಟು. ಕೃಷ್ಣರಾಜಪೇಟೆಗೆ ಸಮೀಪದ ಹೊಸಹೊಳಲಿನಲ್ಲಿ ಹೊಯ್ಸಳ ಶಿಲ್ಪಿಗಳ ಕುಸುರಿ ಮೂಡಿರುವುದು ಆ ಬಗೆಯ ಮೆದುಕಲ್ಲಿನಲ್ಲಿಯೇ.

ಇನ್ನು ಶರಣರ ನಾಡಿಗೆ ಹೋಗೋಣ. ಬಸವಕಲ್ಯಾಣದ ಕೆಂಪು ಜಂಬಿಟ್ಟಿಗೆ ನೆಲದ ಕೆಳಗೆ ಇರುವುದು ಕಪ್ಪು ಬಸಾಲ್ಟ್ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು, ಶಿಲಾರಸ ಪದರಪದರವಾಗಿ ಹರಿದು ದಖ್ಖನ್ ಟ್ರ್ಯಾಪ್ ಎಂಬ ಮಹಾಶಿಲಾಸ್ತರವಾಯಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ಉಳಿದಿದೆ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಸೀಮೆಗಳ ಎರೆಮಣ್ಣಿಗೆ ಮೂಲ ಬಹುಮಟ್ಟಿಗೆ ಆ ಕಲ್ಲೇ. ನೆಲದ ಬೆಂಕಿಯೇ ಮುಂದೆ ಅನ್ನವಾದ ಬಗೆ ಇದು. ಅಷ್ಟೇ ಅಲ್ಲ, ಬಸಾಲ್ಟು ಮಳೆಯಲ್ಲಿ ತೊಯ್ದು ಸವೆಯುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಬೆಂಕಿ ಹೊರಹಾಕಿದ್ದನ್ನು ಕಲ್ಲು ಹಿಂದಕ್ಕೆ ಪಡೆಯುತ್ತದೆ. ಆದರೆ ಆ ಲೆಕ್ಕ ತೀರುವುದಕ್ಕೆ ಲಕ್ಷಾಂತರ ವರ್ಷಗಳು ಬೇಕು.

ಹಾಗಾದರೆ ಇಂದಿನ ತಾಪಕ್ಕೆ ಜ್ವಾಲಾಮುಖಿಗಳೇ ಕಾರಣವೇ? ಇದು ಶೀಳನೆರೆಯ ಯಜಮಾನರ ಪ್ರಶ್ನೆ. ಇತಿಹಾಸದ ನಿದರ್ಶನಗಳು ಬೇರೆಯೇ ಮಾತನ್ನು ಹೇಳುತ್ತವೆ. 1815ರ ಏಪ್ರಿಲ್ ತಿಂಗಳಲ್ಲಿ ಇಂಡೊನೇಷ್ಯದ ತಂಬೋರ ಪರ್ವತ ಸಿಡಿಯಿತು. ಮರುವರ್ಷ ಯೂರೋಪ್ ಮತ್ತು ಅಮೆರಿಕಗಳಲ್ಲಿ ಬೇಸಗೆಯೇ ಬರಲಿಲ್ಲವೆಂಬಂತಾಗಿ ಬೆಳೆಗಳು ಚಳಿಗೆ ಕಮರಿದವು. 1991ರ ಜೂನ್ 15ರಂದು ಫಿಲಿಪ್ಪೀನ್ಸಿನ ಪಿನಟುಬೊ ಸಿಡಿದಾಗ ಒಂದೂವರೆಯಿಂದ ಎರಡು ಕೋಟಿ ಟನ್ನುಗಳಷ್ಟು ಗಂಧಕದ ಡೈಆಕ್ಸೈಡ್ ಬಾನಿನ ಮೇಲ್ಪದರವನ್ನು ಸೇರಿತು. ಅದು ಸೂಕ್ಷ್ಮ ಹನಿಗಳ ತೆರೆಯಾಗಿ ಬಿಸಿಲನ್ನು ತಡೆದುದರಿಂದ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿಯಿತು. ಒಂದೆರಡು ವರ್ಷಗಳಲ್ಲಿ ಆ ತೆರೆ ಕರಗಿತು; ತಾಪ ಮತ್ತೆ ಏರತೊಡಗಿತು. ನಮ್ಮ ಕಾಲದ ದೊಡ್ಡ ಜ್ವಾಲಾಮುಖಿಗಳು ಲೋಕವನ್ನು ಕೆಲಕಾಲ ತಂಪುಮಾಡಿವೆಯೇ ಹೊರತು ಬಿಸಿಮಾಡಿಲ್ಲ.

ಇಂಗಾಲದ ಡೈಆಕ್ಸೈಡನ್ನು ಅವು ಹೊರಬಿಡುವುದು ನಿಜ. ಆದರೆ ಮನುಷ್ಯರು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಅನಿಲಗಳನ್ನು ಉರಿಸಿ ವರ್ಷಕ್ಕೆ ಸುಮಾರು 3,700 ಕೋಟಿ ಟನ್ನುಗಳಷ್ಟು ಬಿಡುತ್ತಿದ್ದೇವೆ. ಜಗತ್ತಿನ ಎಲ್ಲ ಜ್ವಾಲಾಮುಖಿಗಳನ್ನು ಒಟ್ಟುಗೂಡಿಸಿದರೂ ಅವುಗಳ ಪಾಲು ಇದರ ನೂರರಲ್ಲೊಂದು ಭಾಗದ ಆಸುಪಾಸಿನದು. ಇದನ್ನು ಅಳೆದ ಸ್ಥಳವೇ ಒಂದು ಜ್ವಾಲಾಮುಖಿ ಎಂಬುದು ಸ್ವಾರಸ್ಯದ ಸಂಗತಿ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಗಾಳಿಯನ್ನು ಅಳೆಯಲಾರಂಭಿಸಿದರು. ಅಂದು ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 315 ಪಾಲು ಇಂಗಾಲದ ಡೈಆಕ್ಸೈಡ್ ಇದ್ದಿತು. 2024ರ ಸರಾಸರಿ ಸುಮಾರು 424. ಕೈಗಾರಿಕೆಗಳು ಹುಟ್ಟುವ ಮುನ್ನ ಅದು 280ರಷ್ಟಿದ್ದಿತು. 2022ರ ನವೆಂಬರಿನಲ್ಲಿ ಆ ಪರ್ವತವೇ ಸಿಡಿದು ಅಲ್ಲಿನ ಅಳತೆಯ ಕೆಲಸ ನಿಂತುಹೋದಾಗ, ನೆರೆಯ ಮೌನಾ ಕಿಯಾ ಶಿಖರದಲ್ಲಿ ಅದನ್ನು ಮುಂದುವರಿಸಲಾಯಿತು.

ಹೆಚ್ಚಿದ ಇಂಗಾಲ ನಮ್ಮದೇ ಎಂಬುದಕ್ಕೆ ಗುರುತೇನು? ಇಂಗಾಲದಲ್ಲಿ ಹಗುರ ಮತ್ತು ಭಾರ ಎಂಬ ಬಗೆಗಳಿವೆ. ಗಿಡಮರಗಳು ಹಗುರವಾದುದನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಕಲ್ಲಿದ್ದಲು, ಎಣ್ಣೆಗಳು ಪ್ರಾಚೀನ ಜೀವರಾಶಿಯಿಂದ ಆದವುಗಳಾದ್ದರಿಂದ ಅವುಗಳಲ್ಲಿಯೂ ಭಾರದ ಇಂಗಾಲ ಕಡಿಮೆ. ಜ್ವಾಲಾಮುಖಿಯ ಇಂಗಾಲದಲ್ಲಿ ಅಷ್ಟು ಕೊರತೆಯಿಲ್ಲ. ಇಂದು ಗಾಳಿಯಲ್ಲಿ ಭಾರದ ಇಂಗಾಲದ ಪ್ರಮಾಣ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಹೊಗೆ ಯಾರ ಒಲೆಯದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಇಂಗಾಲದ ಗುರುತೇ ನಮ್ಮ ನೆರೆಯ ನೀಲಗಿರಿಯ ಹಳೆಯ ಕಥೆಯನ್ನೂ ಬಿಡಿಸಿತು. ಆ ಬೆಟ್ಟಗಳ ಮಡಿಲಿನ ಜೌಗು ನೆಲದಲ್ಲಿ ಸಾವಿರಾರು ವರ್ಷಗಳ ಸಸ್ಯಶೇಷ ಪದರಪದರವಾಗಿ ಕೂತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರೂ ಅವರ ಸಹೋದ್ಯೋಗಿಗಳೂ ಅದನ್ನು ಪರೀಕ್ಷಿಸಿ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮರಗಳ ಇಂಗಾಲಕ್ಕೂ ಬಿಸಿನಾಡಿನ ಹುಲ್ಲುಗಳ ಇಂಗಾಲಕ್ಕೂ ವ್ಯತ್ಯಾಸವಿರುವುದರಿಂದ, ಯಾವ ಕಾಲದಲ್ಲಿ ಕಾಡು ಹಬ್ಬಿತ್ತು, ಯಾವ ಕಾಲದಲ್ಲಿ ಹುಲ್ಲುಗಾವಲು ಮೇಲುಗೈಯಾಗಿತ್ತು ಎಂಬುದು ತಿಳಿಯಿತು. ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗದಲ್ಲಿ ಮುಂಗಾರು ಕ್ಷೀಣಿಸಿ ಒಣಹವೆಯಿದ್ದಿತು. ಸುಮಾರು 10,000 ವರ್ಷಗಳ ಹಿಂದೆ ಮಳೆ ಬಲಗೊಂಡಿತ್ತು. ಹವೆ ತಾನಾಗಿಯೂ ಬದಲಾಗುತ್ತದೆ ಎಂಬ ಯಜಮಾನರ ಮಾತು ಅಷ್ಟರಮಟ್ಟಿಗೆ ದಿಟ. ಆದರೆ ಆ ಬದಲಾವಣೆಗಳು ಸಾವಿರಾರು ವರ್ಷಗಳ ನಡಿಗೆಯವು. ಇಂದಿನದು ಅಜ್ಜ ಮೊಮ್ಮಕ್ಕಳ ನಡುವಿನ ಅಂತರದಲ್ಲಿಯೇ ಕಾಣುವಂತಹುದು. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಭೂಮಿಯ ಉಷ್ಣತೆ ಕೈಗಾರಿಕಾಪೂರ್ವ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಾಗಿದ್ದಿತು.

ಇದರಿಂದ ನಮ್ಮ ಗದ್ದೆಗೇನು ಎನ್ನುವಿರಾದರೆ ಹೇಮಾವತಿಯನ್ನು ನೋಡಬೇಕು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ, ಬಲ್ಲಾಳರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಆ ನದಿ ಗೊರೂರನ್ನು ದಾಟಿ, ಮಂದಗೆರೆ, ಹೇಮಗಿರಿಗಳ ಅಣೆಕಟ್ಟೆಗಳಲ್ಲಿ ನಾಲೆಗಳಿಗೆ ತಿರುಗಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಮಲೆಯ ಮೇಲ್ಭಾಗದಲ್ಲಿ ಬೆಟ್ಟದ ಮೈಗೆ ಹುಲ್ಲು, ಕಣಿವೆಯ ಮಡಿಕೆಗಳಿಗೆ ಶೋಲಾ ಕಾಡು. ಬಿದ್ದ ಮಳೆಯನ್ನು ಈ ಎರಡೂ ಹಿಡಿದಿಟ್ಟು, ತರಗೆಲೆಯ ಹಾಸಿನಡಿ ಇಂಗಿಸಿ, ಬೇಸಗೆಯವರೆಗೂ ತೊಟ್ಟುತೊಟ್ಟಾಗಿ ಬಿಡುತ್ತವೆ. ಹುಲ್ಲುಬೆಟ್ಟವೆಂದರೆ ಪಾಳುಬೆಟ್ಟವೆಂದು ತಿಳಿಯುವುದು ತಪ್ಪು.

ಬೆಟ್ಟದಲ್ಲಿ ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಲೋಕ ಒಂದು ಡಿಗ್ರಿ ಬಿಸಿಯಾದರೆ, ತಂಪನ್ನು ಬಯಸುವ ಗಿಡ, ಕಪ್ಪೆ, ಹಕ್ಕಿಗಳು ಹಿಂದಿನ ಹವೆಗಾಗಿ ನೂರೈವತ್ತು ಮೀಟರಿಗೂ ಹೆಚ್ಚು ಮೇಲೇರಬೇಕು. ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಶಿಖರದ ಮೇಲೆ ಇನ್ನು ಏರಲು ನೆಲವೆಲ್ಲಿದೆ? ಜೊತೆಗೆ ಒಂದೊಂದು ಡಿಗ್ರಿ ಏರಿದಂತೆ ಗಾಳಿ ನೂರಕ್ಕೆ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲುದು. ಆದುದರಿಂದ ಬರುವಾಗ ಮಳೆ ಒಮ್ಮೆಲೇ ಸುರಿಯುತ್ತದೆ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಮೂಡಿಗೆರೆ ಸೀಮೆಯಲ್ಲಿ ಬೆಟ್ಟಗಳು ಕುಸಿದುದನ್ನು ಕಂಡೆವು. 2024ರ ಜುಲೈ 30ರಂದು ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಮಣ್ಣುಪಾಲಾದರು. ಅಂದಿನ ಮಳೆಯ ರಭಸ ಹವಾಮಾನ ಬದಲಾವಣೆಯಿಂದ ನೂರಕ್ಕೆ ಹತ್ತರಷ್ಟು ಹೆಚ್ಚಿದ್ದಿತೆಂದು ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡ ಅಂದಾಜು ಮಾಡಿತು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿ ಪಶ್ಚಿಮಘಟ್ಟದ ಸೂಕ್ಷ್ಮತೆಯನ್ನು ಕುರಿತು 2011ರಲ್ಲಿಯೇ ಎಚ್ಚರಿಸಿತ್ತು.

ನಮ್ಮ ಕೃಷ್ಣರಾಜಸಾಗರವನ್ನೇ ನೋಡಿ. 2023ರಲ್ಲಿ ಬರ, 2024ರ ಜುಲೈ ಕೊನೆಯ ಹೊತ್ತಿಗೆ ಭರ್ತಿ, 2025ರಲ್ಲಿ ಜೂನ್ 30ಕ್ಕೇ ಬಾಗಿನ ಅರ್ಪಣೆ. ಒಂದೆರಡು ವರ್ಷಗಳಿಂದ ಹವಾಮಾನದ ತೀರ್ಮಾನ ಮಾಡಲಾಗದು. ಆದರೆ ಬಂದಾಗ ಹಿಡಿದಿಟ್ಟುಕೊಳ್ಳದವನು ಬಾರದಾಗ ಪರಿತಪಿಸಬೇಕಾಗುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಈಗ ಕಟ್ಟೆಯ ವಿಷಯ. ಶೀಳನೆರೆಯ ಸೀಮೆಯ ಅಡಿಗಲ್ಲು ಗಟ್ಟಿಯಾದುದು. ಮರಳಿನ ನೆಲದಂತೆ ಅದು ನೀರನ್ನು ಹೀರದು. ಮೇಲಿನ ಶಿಥಿಲ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ ಎಷ್ಟು ಇಂಗಿದೆಯೋ ಅಷ್ಟೇ ಕೊಳವೆಬಾವಿಗೆ ಲಭ್ಯ. ಇಂಗಿಸುವ ಕಟ್ಟೆಯನ್ನು ಮುಚ್ಚಿ ಆಳಕ್ಕೆ ಕೊರೆಯುವುದೆಂದರೆ ಕಣಜಕ್ಕೆ ಕಾಳು ಹಾಕದೆ ತಳವನ್ನು ಗೋರಿದಂತೆ. ಸೊಸೆ ಕೇಳಿದ ಪ್ರಶ್ನೆಯೇ ಸರಿಯಾದುದು. ಅದನ್ನು ಅಂದೇ ಹೇಳದೆ ಬಂದುದು ನಮ್ಮ ಲೋಪ.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದುದನ್ನು ನಾವೆಲ್ಲರೂ ಭಕ್ತಿಯಿಂದ ಸ್ಮರಿಸುತ್ತೇವೆ. ಆ ಸೊನ್ನಲಿಗೆ, ಇಂದಿನ ಸೊಲ್ಲಾಪುರ, ನಿಂತಿರುವುದೂ ದಖ್ಖನ್ನಿನ ಆ ಬೆಂಕಿಗಲ್ಲಿನ ಮೇಲೆಯೇ. ಮಳೆ ವಿರಳವಾದ ನಾಡಿನಲ್ಲಿ ಆ ಶಿವಯೋಗಿ ಕಾಲಧರ್ಮವೆಂದು ಕೈಕಟ್ಟಿ ಕೂರಲಿಲ್ಲ. ನಮ್ಮ ಮಂಡ್ಯ ಜಿಲ್ಲೆಯಲ್ಲಿಯೇ, ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಕುಂದೂರು ಬೆಟ್ಟದಲ್ಲಿ ಮೂಕಪ್ರಾಣಿಗಳಿಗಾಗಿ ಒಂದರ ನಂತರ ಒಂದರಂತೆ ಕಟ್ಟೆಗಳನ್ನು ತೋಡಿದರು. 2022ರಲ್ಲಿ ಅವರು ಕಣ್ಮರೆಯಾದರು. ಕಾಯಕವೆಂದರೆ ಇದಲ್ಲದೆ ಮತ್ತೇನು? ಭೂಮಿಯಿಂದ ಪಡೆದುದನ್ನು ಭೂಮಿಗೆ ಹಿಂದಿರುಗಿಸುವುದು ದಾಸೋಹವಲ್ಲವೆ?

ಒಂದು ಕಟ್ಟೆಯಿಂದ ಜಗತ್ತಿನ ತಾಪ ಇಳಿಯದು. ಅದಕ್ಕೆ ಕಲ್ಲಿದ್ದಲು, ಎಣ್ಣೆಗಳ ಬಳಕೆ ತಗ್ಗಬೇಕು; ಆ ಹೊಣೆ ಹೆಚ್ಚು ಉರಿಸಿದ ದೇಶಗಳ ಮೇಲೆ ಹೆಚ್ಚಾಗಿದೆ. ಆದರೆ ಕಬ್ಬಿನ ತರಗಿಗೆ ಬೆಂಕಿಯಿಡದೆ ಹೊದಿಕೆಯಾಗಿ ಬಿಡುವುದು, ಬದುಗಳಲ್ಲಿ ಹೊಂಗೆ, ಬೇವು ಬೆಳೆಸುವುದು, ಕಟ್ಟೆಯ ಹೂಳನ್ನು ತೆಗೆದು ಹೊಲಕ್ಕೆ ಹರಡುವುದು ನಮ್ಮ ಕೈಯಲ್ಲಿವೆ. ಮಲೆಯ ಕಾಡಿನ ಮಾತು ಬಂದಾಗ ಅದು ಮಲೆನಾಡಿನವರ ಚಿಂತೆ ಎನ್ನದೆ, ನಮ್ಮ ನಾಲೆಯ ಮಾತೆಂದು ತಿಳಿದು ದನಿಗೂಡಿಸುವುದೂ ನಮ್ಮ ಕೈಯಲ್ಲಿದೆ.

ಶೀಳನೆರೆಯ ಆ ಹಿರಿಯರು ಈ ಪತ್ರಿಕೆಯನ್ನು ತಪ್ಪದೆ ಓದುವವರು. ಕಟ್ಟೆ ಅವರದು, ತೀರ್ಮಾನವೂ ಅವರದೇ. ಮುಂದಿನ ಸಲ ಅವರ ಮನೆಗೆ ಹೋದಾಗ ಆ ಕಟ್ಟೆಯ ಏರಿಯ ಮೇಲೆ ಕುಳಿತು ಮಾತನಾಡುವ ಭಾಗ್ಯ ನಮಗಿರಲಿ ಎಂದು ಹಾರೈಸುತ್ತೇವೆ.