ಬ್ರೇಕಿಲ್ಲದ ಬೈಕಿಗೆ ಇರೋ ಕಟ್ಟುಪಾಡು ನಮ್ಮ ನಾಲೆ ಏರಿ ರಸ್ತೆಗಿಲ್ಲ

ಈ ವಾರ ಕಬ್ಬಿನ ಸುಳಿ ಕೊರಕದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. "ಬೈಕ್ ರೇಸು ಅಂದ್ರೇನೇ ಪೋಲಿ ಹುಡುಗ್ರ ಕೆಲಸ, ಎಲ್ಲಾ ಬಂದ್ ಮಾಡಿಸ್ಬೇಕು" ಅಂತ ಈಗ ಊರೂರಲ್ಲೂ ಹಿರಿಯರು ಹೇಳ್ತಿದ್ದಾರೆ. ನಾನು ಒಪ್ಪಲ್ಲ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನನ್ನ ವಯಸ್ಸಿನೋರಿಗೆ ಯೆಜ್ಡಿ ಗೊತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಗಾಡಿ. ಕಿಕ್ಕರ್ರೂ ಗೇರೂ ಒಂದೇ ಲಿವರ್. 1996ರಲ್ಲಿ ಕಾರ್ಖಾನೆ ಮುಚ್ತು. ರಾಗಿ ಕುಯ್ದ ಹೊಲದಲ್ಲಿ ನಾವು ಅದೇ ಗಾಡೀಲಿ ಸುತ್ತು ಹಾಕ್ತಿದ್ವಿ. ಹಿಂದಿನ ಚಕ್ರ ಜಾರಿದಾಗ ಎಡಗಾಲು ನೆಲಕ್ಕೆ ಕೊಟ್ಟು ಸಂಭಾಳಿಸೋದು ಕಲಿತಿದ್ದು ಆ ಹೊಲದಲ್ಲೇ. ಜಾವಾ ಅನ್ನೋ ಹೆಸರು ಬಂದಿದ್ದು ಚೆಕ್ ದೇಶದಿಂದ. ಅಲ್ಲಿ ದಿವಿಶೋವ್ ಅನ್ನೋ ಊರಲ್ಲಿ ಸ್ಪೀಡ್‌ವೇ ಬೈಕ್ ಮಾಡೋ ಎಸೊ ಅಂತ ಕಂಪನಿ ಇತ್ತು, 1964ರಲ್ಲಿ ಅದು ಜಾವಾಗೆ ಸೇರ್ಕೊಂಡ್ತು. ನ್ಯೂಜಿಲೆಂಡಿನ ಐವನ್ ಮಾಗರ್ 1968ರಿಂದ 1979ರೊಳಗೆ ಆರು ಸಲ ವಿಶ್ವ ಚಾಂಪಿಯನ್ ಆದೋರು, ಜಾವಾ ಬೈಕಲ್ಲೂ ಗೆದ್ದೋರು. ನಮ್ಮ ಯೆಜ್ಡಿಗೂ ಆ ಬೈಕಿಗೂ ಇಂಜಿನ್ ಸಂಬಂಧ ಏನಿಲ್ಲ, ಬರೀ ಹೆಸರಿನ ನೆಂಟಸ್ತಿಕೆ. ಆ ನೆಂಟಸ್ತಿಕೆ ಹಿಡ್ಕೊಂಡೇ ನಾನು ಫೋನಲ್ಲಿ ಹುಡುಕಿ ನೋಡೋಕೆ ಶುರು ಮಾಡ್ದೆ. ಈಗ ಅದರ ಹುಚ್ಚು ಬಿಟ್ಟಿಲ್ಲ.

ಸ್ಪೀಡ್‌ವೇ ಅಂದ್ರೆ ಇಷ್ಟೆ. ಮೊಟ್ಟೆ ಆಕಾರದ ಮಣ್ಣಿನ ಟ್ರ್ಯಾಕು, 260ರಿಂದ 425 ಮೀಟರ್ ಒಳಗೆ. ನಾಲ್ಕು ಜನ, ನಾಲ್ಕು ಸುತ್ತು, ಒಂದು ನಿಮಿಷದಲ್ಲಿ ಮುಗೀತು. ಗೆದ್ದೋನಿಗೆ 3 ಪಾಯಿಂಟು, ಆಮೇಲೆ 2, 1, ಕೊನೆಯೋನಿಗೆ ಸೊನ್ನೆ. 500 ಸಿಸಿ ಬೈಕು, ಮೆಥನಾಲಲ್ಲಿ ಓಡುತ್ತೆ, ಒಂದೇ ಗೇರು, ಬ್ರೇಕ್ ಇಲ್ಲವೇ ಇಲ್ಲ. ಹಿಂದಿನ ಚಕ್ರ ಜಾರಿಸ್ಕೊಂಡೇ ಎಡಕ್ಕೆ ತಿರುಗಬೇಕು.

ಬ್ರೇಕ್ ಇಲ್ಲ ಅಂದ ತಕ್ಷಣ ನಮ್ಮೋರು ಹುಚ್ಚಾಟ ಅಂತಾರೆ. ಸ್ವಲ್ಪ ತಡ್ಕೊಳ್ಳಿ. ನಾಲ್ಕರಲ್ಲೂ ಬ್ರೇಕ್ ಇಲ್ಲ, ಹಂಗಾಗಿ ಮುಂದೆ ಹೋಗೋನು ದಿಢೀರಂತ ಬ್ರೇಕ್ ಹಾಕಿ ಹಿಂದಿನೋನನ್ನ ಬೀಳಿಸೋಕಾಗಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಹೋಗ್ತಾರೆ. ಸವಾರನ ಕೈಗೆ ಒಂದು ದಾರ ಕಟ್ಟಿರ್ತಾರೆ, ಬಿದ್ದ ತಕ್ಷಣ ಅದು ಕಿತ್ಕೊಂಡು ಇಂಜಿನ್ ಆಫ್. ದೊಡ್ಡ ಪಂದ್ಯಗಳಲ್ಲಿ ತಿರುವಿನ ಬೇಲಿಗೆ ಗಾಳಿ ತುಂಬಿದ ದಿಂಬು ಇರುತ್ತೆ. ಅಪಾಯ ಅಂದ್ರೆ ಕೆಂಪು ದೀಪ, ರೇಸ್ ನಿಂತ್ಹೋಯ್ತು. ಯಾರಿಂದ ನಿಂತ್ತೋ ಅವನನ್ನ ಹೊರಗಿಟ್ಟು ಉಳಿದೋರನ್ನ ಮತ್ತೆ ಓಡಿಸ್ತಾರೆ. ನಡುನಡುವೆ ಟ್ರ್ಯಾಕ್ಟರ್ ತಂದು, ನಾವು ಬಿತ್ತನೆಗೆ ಹೊಲ ಹದ ಮಾಡಿದ ಹಾಗೆ, ಟ್ರ್ಯಾಕ್ ಸಮ ಮಾಡಿ ನೀರು ಹೊಡೀತಾರೆ.

ಇನ್ನು ನಮ್ಮ ನಾಲೆ ಏರಿ ರಸ್ತೆ ನೋಡಿ. ಬೈಕಿಗೆ ಎರಡೂ ಬ್ರೇಕ್ ಇದೆ, ಕೆಲವಕ್ಕೆ ಡಿಸ್ಕೂ ಇದೆ. ಆದ್ರೆ ತಲೆ ಮೇಲೆ ಹೆಲ್ಮೆಟ್ ಇಲ್ಲ. ಎದುರಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತೆ, ಹಿಂದೆ ರಿಫ್ಲೆಕ್ಟರ್ ಇರಲ್ಲ, ಪಕ್ಕದಲ್ಲಿ ನೀರು. ಅಲ್ಲಿ ವೀಲಿಂಗ್ ಮಾಡೋಕೆ ಹೋಗಿ ನಮ್ಮ ಪಕ್ಕದೂರಿನ ಹುಡುಗ ಹೋದ. ಹತ್ತೊಂಬತ್ತು ವರ್ಷ. ಅವರಪ್ಪ ಇವತ್ತಿಗೂ ಗದ್ದೆ ಕಡೆ ಸರಿಯಾಗಿ ಬರ್ತಿಲ್ಲ. ಹೇಳಿ, ಹುಚ್ಚಾಟ ಯಾವುದು?

ಪೊಲೀಸರು ಕರ್ಕಶ ಸೈಲೆನ್ಸರ್ ಕಿತ್ತು ರೋಡ್ ರೋಲರ್ ಹತ್ತಿಸ್ತಾರೆ. ಮಾಡ್ಲಿ, ಬೇಡ ಅನ್ನಲ್ಲ. ಆದ್ರೆ ಸೈಲೆನ್ಸರ್ ಅಪ್ಪಚ್ಚಿಯಾದ್ರೆ ಆಸೆ ಅಪ್ಪಚ್ಚಿಯಾಗಲ್ಲ. ಹದಿನೆಂಟು ವರ್ಷದ ರಕ್ತಕ್ಕೆ ಓಡಬೇಕು ಅನ್ಸುತ್ತೆ. ಜಾಗ ಕೊಡದೆ ಬರೀ ಬೈದ್ರೆ ಅದು ರಸ್ತೆಗೇ ಬರುತ್ತೆ. ಕಟ್ಟೆ ಕಟ್ಟಿ ತೂಬು ಇಡದಿದ್ರೆ ಏರಿ ಒಡೆಯುತ್ತೆ ಅಂತ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ.

ಇದು ದುಡ್ಡಿದ್ದೋರ ಆಟ, ಪೇಟೆ ಆಟ ಅನ್ನೋರಿಗೆ ಒಂದು ಮಾತು. ಸ್ಪೀಡ್‌ವೇ ಹೆಸರು ಮಾಡಿದ್ದು ಕೃಷಿ ಮೇಳದ ಮೈದಾನದಲ್ಲಿ. ಆಸ್ಟ್ರೇಲಿಯಾದ ವೆಸ್ಟ್ ಮೇಟ್‌ಲ್ಯಾಂಡಲ್ಲಿ 1923ರ ಡಿಸೆಂಬರ್ 15ರ ರಾತ್ರಿ, ದೀಪದ ಬೆಳಕಲ್ಲಿ ನಡೆದ ರೇಸು ಅದು. ಹಿಂದೆ ಇದ್ದೋರು ಅಲ್ಲಿನ ಕೃಷಿ ಸಂಘದ ಕಾರ್ಯದರ್ಶಿ ಜಾನಿ ಹಾಸ್ಕಿನ್ಸ್. ಅದಕ್ಕೂ ಮುಂಚೆ ಬೇರೆ ಕಡೆ ಮಣ್ಣಲ್ಲಿ ಬೈಕ್ ಓಡಿಸಿದ್ರು ಅನ್ನೋ ವಾದವೂ ಇದೆ, ಇರ್ಲಿ. 1928ಕ್ಕೆ ಇಂಗ್ಲೆಂಡ್ ಮುಟ್ತು. ಇವತ್ತು ಪೋಲೆಂಡಿನ ಲೆಶ್ನೊ, ತೊರುನ್ ತರದ ಊರುಗಳಲ್ಲಿ ಜನ ಅದಕ್ಕೇ ಸ್ಟೇಡಿಯಂ ತುಂಬ್ತಾರೆ. ಆ ದೇಶದ ಬಾರ್ಟೋಶ್ ಜ್ಮಾರ್ಜ್ಲಿಕ್ 2019, 2020, ಮತ್ತೆ 2022ರಿಂದ 2024ರವರೆಗೆ ಸತತ ಮೂರು ಸಲ ವಿಶ್ವ ಚಾಂಪಿಯನ್.

ಅಪಾಯವೇ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಇಂಗ್ಲೆಂಡಿನ ಲೀ ರಿಚರ್ಡ್‌ಸನ್ 2012ರಲ್ಲಿ ಪೋಲೆಂಡಿನ ಟ್ರ್ಯಾಕಲ್ಲಿ ಬಿದ್ದು ತೀರ್ಕೊಂಡ್ರು. ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್ 2015ರಲ್ಲಿ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳ್ಕೊಂಡ್ರು. ಇಷ್ಟು ಕಟ್ಟುಪಾಡು ಇದ್ದೂ ಹಿಂಗಾಗುತ್ತೆ ಅಂದ್ರೆ, ಏನೂ ಇಲ್ಲದ ನಮ್ಮ ರಸ್ತೇಲಿ ಏನಾಗಬಹುದು ಯೋಚ್ನೆ ಮಾಡಿ.

ನಾನು ಕೇಳ್ತಿರೋದು 500 ಸಿಸಿ ಬೈಕಲ್ಲ. ಜೋಡೆತ್ತಿನ ಗಾಡಿ ಓಟ ಮಾಡ್ತೀವಲ್ಲ, ಕುಯ್ಲಾದ ಹೊಲ ಹದ ಮಾಡಿ, ಹಗ್ಗ ಕಟ್ಟಿ, ಪ್ರವೇಶ ಶುಲ್ಕ ಇಟ್ಟು, ಬಹುಮಾನ ಕೊಟ್ಟು, ಬಂದೋರಿಗೆಲ್ಲ ಊಟ ಹಾಕಿ? ಆ ತಾಕತ್ತು ನಮಗಿದೆ. ಅದೇ ರೀತಿ ವರ್ಷಕ್ಕೊಂದು ಸಲ ಸಣ್ಣ ಬೈಕುಗಳಿಗೆ ಮಣ್ಣಿನ ಓಟ ಮಾಡೋಣ. ತಾಲೂಕಿನೋರ, ಪೊಲೀಸರ ಅನುಮತಿ ತಗೊಂಡು, ದೇಶದ ಮೋಟಾರ್ ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐ ನಿಯಮ ಕೇಳ್ಕೊಂಡು, ಆಂಬುಲೆನ್ಸ್ ನಿಲ್ಲಿಸ್ಕೊಂಡು. ಹೆಲ್ಮೆಟ್, ಬೂಟು ಇಲ್ಲದೋನಿಗೆ ಪ್ರವೇಶ ಇಲ್ಲ. ರಸ್ತೇಲಿ ವೀಲಿಂಗ್ ಮಾಡಿ ಸಿಕ್ಕಿಬಿದ್ದೋನಿಗೆ ಮೂರು ವರ್ಷ ಹೆಸರು ಕೊಡೋ ಹಂಗಿಲ್ಲ. ಈ ಒಂದು ನಿಯಮ ಸಾವಿರ ಬೈಗುಳಕ್ಕೆ ಸಮ.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಅದೇ ಊರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಹೆಣ್ಣುಮಕ್ಕಳ ವಿಭಾಗದಲ್ಲಿ ಬಾಹಾ ವಿಶ್ವಕಪ್ ಗೆದ್ದೋರು. ಇವರು ಹೆಸರು ಮಾಡಿದ್ದು ಮಣ್ಣು ಮರಳಿನ ಮೇಲೆ, ಟೋಲ್ ರಸ್ತೇಲಲ್ಲ.

ಅಪ್ಪಂದಿರಿಗೆ ಕೊನೇ ಮಾತು. ಹದಿನೆಂಟು ತುಂಬದ ಮಗನಿಗೆ ಬೈಕ್ ಕೊಟ್ಟು ಅವನು ಅಪರಾಧ ಮಾಡಿದ್ರೆ, ಮೋಟಾರು ವಾಹನ ಕಾಯ್ದೆ 199ಎ ಪ್ರಕಾರ ನಿಮಗೇ 25,000 ದಂಡ, ಮೂರು ವರ್ಷದವರೆಗೂ ಜೈಲು. ಕೀ ಕೊಡೋದು ನಾವು, ಬೈಯೋದೂ ನಾವೇ. ಬೈಯೋದು ಬಿಟ್ಟು ಒಂದು ಎಕರೆ ಹೊಲ ಕೊಡಿ. ಕುಯ್ಲಾದ ಮೇಲೆ ನನ್ನ ಹೊಲ ಕೊಡೋಕೆ ನಾನು ತಯಾರು. ಇನ್ಯಾರು ಬರ್ತೀರಿ, ಕೆಳಗೆ ಹೆಸರು ಬರೀರಿ.